ಆರು ಸೆಂಟಿಮೀಟರಿನ ಅಂಗಳ

ಹಳೆಯ ನೆಗೆಟಿವ್ ಸ್ಕ್ಯಾನ್ ಮಾಡುವುದಕ್ಕೆ ಪುಷ್ಯ ಮಳೆಯಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ ಎಂದು ನಾನು ಹೇಳಿದರೆ ಫೋಟೋ ಕೆಲಸ ಬಲ್ಲವರು ಒಪ್ಪುವುದಿಲ್ಲ. ಮಳೆಗಾಲ ಬಂತೆಂದರೆ ಮಲೆನಾಡಿನಲ್ಲಿ ಚಪ್ಪಲಿಗೂ ಬೂಸಲು, ಪುಸ್ತಕದ ರಟ್ಟಿಗೂ ಬೂಸಲು. ಫಿಲ್ಮನ್ನು ಆ ಹವೆಗೆ ಒಡ್ಡುವುದುಂಟೇ ಎನ್ನುತ್ತಾರೆ. ಜೋಪಾನ ಮಾಡಿ ಇಡುವ ಮಾತಾದರೆ ಅವರು ಹೇಳುವುದು ಸರಿ. ಕೆಲಸಕ್ಕೆ ಕೂರುವ ಮಾತು ಬೇರೆ. ಶಿವರಾತ್ರಿ ಹೊತ್ತಿಗೆ ಗಾಳಿ ಒಣಗಿತೆಂದರೆ ನೆಗೆಟಿವ್ ಮೇಲಿನ ಜೆಲಟಿನ್ ಪದರ ಕುಗ್ಗುತ್ತದೆ, ಕುಗ್ಗಿ ಇಡೀ ಪಟ್ಟಿಯನ್ನು ತನ್ನ ಕಡೆಗೆ ಎಳೆಯುತ್ತದೆ. ಬಿಸಿಲಿಗೆ ಹಾಕಿದ ಹಪ್ಪಳದ ಅಂಚಿನಂತೆ ಅದೂ ಏಳುತ್ತದೆ. ಸಾಲದ್ದಕ್ಕೆ ಒಣಹವೆಯಲ್ಲಿ ಫಿಲ್ಮನ್ನು ಒರೆಸಿದಷ್ಟೂ ಅದು ಧೂಳನ್ನು ಎಳೆದುಕೊಳ್ಳುತ್ತದೆ. ಜಡಿಮಳೆಯ ವಾರದಲ್ಲಿ ಅದೇ ಪಟ್ಟಿ ತೇವ ಕುಡಿದು ಮೆತ್ತಗಾಗಿ, ಹೇಳಿದ ಕಡೆ ಹೇಳಿದಂತೆ ಮಲಗುತ್ತದೆ. ಎರಡು ವರ್ಷ ಈ ಕೆಲಸದಲ್ಲಿ ಮುಳುಗಿ ನಾನು ಕಂಡುಕೊಂಡ ಸಂಗತಿ ಇದು. ಸಂಜೆಯಾಗುತ್ತಲೇ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡುವುದನ್ನು ಮಾತ್ರ ಮರೆಯಬಾರದು.

ಡಬ್ಬಿ ಎಂದೆನಲ್ಲ, ಅದು ಅಪ್ಪನ ಕಾಲದ ಬಿಸ್ಕತ್ತಿನ ತಗಡಿನ ಡಬ್ಬಿ. ಅಪ್ಪ ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಮೇಷ್ಟರಾಗಿದ್ದರು. 1970ರ ದಶಕದಲ್ಲಿ ಅವರ ಹತ್ತಿರ ಯಾಶಿಕಾ ಕ್ಯಾಮೆರಾ ಇತ್ತು, ಮೇಲೊಂದು ಕೆಳಗೊಂದು ಎರಡು ಕಣ್ಣಿನದು. ನೆಂಟರ ಮನೆಯ ಮದುವೆ, ಉಪನಯನ, ಶಾಲೆಯ ಪ್ರವಾಸ, ಹೊಸ ಎತ್ತಿನ ಜೋಡಿ, ಎಲ್ಲಕ್ಕೂ ಅದೇ. ಆ ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯುವುದಲ್ಲ. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡಬೇಕು. ಎದುರಿಗೆ ಕೂತವರಿಗೆ ಫೋಟೋ ತೆಗೆಯುವವರು ತಮಗೆ ನಮಸ್ಕಾರ ಮಾಡುತ್ತಿರುವಂತೆ ಕಾಣುತ್ತದೆ. ಒಳಗಿರುವುದು ಒಂದೇ ಕನ್ನಡಿಯಾದ್ದರಿಂದ ಗಾಜಿನ ಮೇಲಿನ ಚಿತ್ರ ನೆಟ್ಟಗಿದ್ದರೂ ಎಡಬಲ ಅದಲುಬದಲು. ಮದುಮಗ ಎಡಕ್ಕೆ ಸರಿದರೆ ಗಾಜಿನಲ್ಲಿ ಬಲಕ್ಕೆ ಸರಿಯುತ್ತಾನೆ. ಎಡಬಲದ ಈ ಮಾತು ಮುಂದೆ ಮತ್ತೆ ಬರುತ್ತದೆ.

ಅದಕ್ಕೆ ಹಾಕುತ್ತಿದ್ದದ್ದು 120 ಎನ್ನುವ ಅಳತೆಯ ರೀಲು. ಕೊಡಾಕ್ 1901ರಲ್ಲಿ ತನ್ನ ಬ್ರೌನಿ ಡಬ್ಬಿ ಕ್ಯಾಮೆರಾಕ್ಕೆಂದು ತಂದ ಆ ಅಳತೆ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿದ್ದ ಆಗ್ಫಾ ಕ್ಲಿಕ್ ಕ್ಯಾಮೆರಾಕ್ಕೂ ಅದೇ ರೀಲು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ‘ಇಂದು’ ಎಂಬ ಹೆಸರಿನಲ್ಲಿ ಕಪ್ಪು ಬಿಳುಪು ಫಿಲ್ಮು ಮಾಡುತ್ತಿದ್ದ ಕಾಲ ಅದು. ಒಂದು ರೀಲಿಗೆ ಹನ್ನೆರಡೇ ಚಿತ್ರ. ಆರು ಸೆಂಟಿಮೀಟರ್ ಚೌಕ ಎಂದು ಬಾಯಿಮಾತು. ಅಳೆದರೆ 56 ಮಿಲಿಮೀಟರ್. ಸಾಮಾನ್ಯ 35 ಮಿಲಿಮೀಟರ್ ಫಿಲ್ಮಿನ ಚಿತ್ರಕ್ಕಿಂತ ಮೂರೂವರೆ ಪಟ್ಟು ದೊಡ್ಡ ಜಾಗ. ಅಷ್ಟು ಜಾಗವಿದ್ದರೂ ನಮ್ಮನೆಯಲ್ಲಿ ದೊಡ್ಡ ಪ್ರಿಂಟು ಹಾಕಿಸಿದ್ದು ಅಪರೂಪ. ರೀಲು ತೊಳೆಸಿ, ಸ್ಟುಡಿಯೋದವರು ನೆಗೆಟಿವನ್ನೇ ಕಾಗದಕ್ಕೆ ಒತ್ತಿ ಮಾಡಿಕೊಟ್ಟ ಅಷ್ಟಗಲದ ಪಡಿಯಚ್ಚುಗಳಲ್ಲೇ ತೃಪ್ತಿ. ಅದರಲ್ಲಿ ಒಬ್ಬೊಬ್ಬರ ಮುಖ ಒಂದು ತೊಗರಿಬೇಳೆಯಷ್ಟು. ಐವತ್ತು ವರ್ಷ ನಾವು ನಮ್ಮವರನ್ನು ಬೇಳೆಯ ಗಾತ್ರದಲ್ಲೇ ನೋಡಿಕೊಂಡು ಬಂದೆವು. ಅವರ ಕಣ್ಣು ಮೂಗು ಎಲ್ಲ ಆ ತಗಡಿನ ಡಬ್ಬಿಯಲ್ಲಿ ಪೂರ್ತಿಯಾಗಿ ಇದ್ದೇ ಇತ್ತು. ಅಪ್ಪ ಹೋದ ಮೇಲೆ ಅದನ್ನು ಹೊರತೆಗೆಯಲೇಬೇಕು ಅನಿಸಿತು. ಮುಚ್ಚಳದಲ್ಲೂ ಲೈಟಿರುವ, ಫಿಲ್ಮು ಸ್ಕ್ಯಾನ್ ಮಾಡಬಲ್ಲ ಮೇಜಿನ ಸ್ಕ್ಯಾನರೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದೆ.

ಮೊದಲ ದಿನ ಬರೀ ಕತ್ತಲೆ ಬಂತು. ಕಾಗದ ಸ್ಕ್ಯಾನ್ ಮಾಡುವಾಗ ಬೇಕಾಗುವ ಬಿಳಿ ಹಲಗೆ ಮುಚ್ಚಳದ ಒಳಗೆ ಹಾಗೇ ಇತ್ತು. ಅದನ್ನು ಜಾರಿಸಿ ತೆಗೆದರೆ ಹಿಂದಿನ ಬೆಳಕು ಫಿಲ್ಮಿಗೆ ತಲುಪುತ್ತದೆ. ಅದು ಐದು ನಿಮಿಷದ ಕತೆ.

ಎರಡನೆಯದು ಗೆರೆ. ಕೂದಲೆಳೆಯಷ್ಟು ತೆಳ್ಳಗಿನ ಕಪ್ಪನೆಯ ಗೆರೆ, ಚಿತ್ರದ ಈ ತುದಿಯಿಂದ ಆ ತುದಿಯವರೆಗೆ, ಅಳತೆಕೋಲಿಟ್ಟು ಎಳೆದ ಹಾಗೆ. ಮೊದಲ ಚಿತ್ರದಲ್ಲಿ ಅದು ಅಜ್ಜಿಯ ಕೆನ್ನೆ ಸೀಳಿಕೊಂಡು ಹೋಗಿತ್ತು. ಫಿಲ್ಮೇ ಗೀರಿಹೋಗಿದೆ ಎಂದು ಹೊಟ್ಟೆ ಚುರ್ ಎಂದಿತು. ಕ್ಯಾಮೆರಾದ ಉರುಳೆಗೆ ಮರಳುಕಣ ಸಿಕ್ಕಿಕೊಂಡರೆ ಇಂಥ ಗೀರು ಬೀಳುವುದುಂಟು. ಆದರೆ ಅಜ್ಜಿಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ ಮತ್ತೆ ಸ್ಕ್ಯಾನ್ ಮಾಡಿದರೆ ಗೆರೆ ಕೆನ್ನೆ ಬಿಟ್ಟು ಹೆಗಲಿಗೆ ಬಂತು. ಪಟ್ಟಿಯನ್ನು ಅಡ್ಡ ತಿರುಗಿಸಿ ಇಟ್ಟರೂ ಗೆರೆ ತಿರುಗಲಿಲ್ಲ, ತನ್ನ ದಾರಿಯಲ್ಲೇ ನೇರ ಹೋಯಿತು. ಫಿಲ್ಮಿನದಾದರೆ ಫಿಲ್ಮಿನ ಜೊತೆ ತಿರುಗಬೇಕಿತ್ತು. ಇದು ಯಂತ್ರದ್ದು. ನೆಗೆಟಿವ್ ನೆಟ್ಟಗಿದೆ ಎಂದು ತಿಳಿದ ಆ ಕ್ಷಣದ ನಿರಾಳವನ್ನು ನಾನು ಮರೆಯಲಾರೆ. ಯಂತ್ರವನ್ನು ರಿಪೇರಿ ಮಾಡಬಹುದು, ಇಲ್ಲವೇ ಬೇರೆ ತರಬಹುದು. ಅಜ್ಜಿಯ ಕೆನ್ನೆ ಇನ್ನೆಲ್ಲಿಂದ ತರುವುದು?

ಕಾರಣ ಹುಡುಕಿದಾಗ ಸ್ಕ್ಯಾನರ್ ಕೆಲಸ ಮಾಡುವ ಬಗೆ ಅರ್ಥವಾಯಿತು. ಅದರೊಳಗೆ ಬೆಳಕು ಗುರುತಿಸುವ ಸಣ್ಣ ಸಣ್ಣ ಕಣ್ಣುಗಳು ಸಾಲಾಗಿ ಇವೆ. ಆ ಸಾಲು ಗಾಜಿನ ಕೆಳಗೆ ಉದ್ದಕ್ಕೂ ಚಲಿಸುತ್ತದೆ. ಹೊರಡುವ ಮೊದಲು ಫಿಲ್ಮಿನ ಚೌಕಟ್ಟಿನ ತಲೆಭಾಗದಲ್ಲಿರುವ ಖಾಲಿ ಕಿಂಡಿಯ ಮೂಲಕ ಒಮ್ಮೆ ಮುಚ್ಚಳದ ಬೆಳಕನ್ನು ನೋಡಿ, ಪೂರ್ತಿ ಬೆಳಕೆಂದರೆ ಇಷ್ಟು ಎಂದು ಒಂದೊಂದು ಕಣ್ಣೂ ಲೆಕ್ಕ ಇಟ್ಟುಕೊಳ್ಳುತ್ತದೆ. ಆ ಕಿಂಡಿಯ ಗಾಜಿನ ಮೇಲೆ ಒಂದು ಧೂಳಿನ ಕಣ ಇತ್ತೆನ್ನಿ. ಅದರ ಕೆಳಗಿನ ಕಣ್ಣು ತನಗೆ ಬೆಳಕು ಕಡಿಮೆ ಎಂದು ತಪ್ಪು ಲೆಕ್ಕ ಹಿಡಿಯುತ್ತದೆ, ಆ ಕೊರತೆ ತುಂಬಲು ಹೋಗಿ ಉದ್ದಕ್ಕೂ ತಪ್ಪುತ್ತದೆ. ಕಣ ಒಂದು, ಗೆರೆ ಅಂಗೈಯುದ್ದ. ನಾನು ನೆಗೆಟಿವ್ ಇಡುವ ಜಾಗವನ್ನು ದಿನಕ್ಕೆ ಮೂರು ಸಲ ಒರೆಸುತ್ತಿದ್ದೆ. ಚಿತ್ರವೇ ಇಲ್ಲದ ಆ ಖಾಲಿ ಕಿಂಡಿಯ ಕಡೆ ನೋಡಿರಲೇ ಇಲ್ಲ. ರಬ್ಬರಿನ ಊದುಕದಿಂದ ನಾಲ್ಕು ಸಲ ಊದಿದೆ, ಗೆರೆ ಹೋಯಿತು. ಆ ಕಿಂಡಿಯ ಮೇಲೆ ಫಿಲ್ಮಿನ ಬಾಲವಾಗಲಿ ಕಾಗದದ ಚೂರಾಗಲಿ ಬಿದ್ದಿದ್ದರೂ ಅಷ್ಟೇ, ಚಿತ್ರವೆಲ್ಲ ಕೆಡುತ್ತದೆ.

ಆಮೇಲೆ ಬಂದದ್ದು ಉಂಗುರಗಳು. ಚೌಕಟ್ಟಿನಲ್ಲಿ ಫಿಲ್ಮು ನಡುವೆ ಜೋಲುತ್ತಿತ್ತು. ಅಷ್ಟಗಲದ ಪಟ್ಟಿಯನ್ನು ಎರಡಂಚಿನಲ್ಲಿ ಮಾತ್ರ ಹಿಡಿದರೆ ಜೋಲದೆ ಏನು ಮಾಡೀತು? ಅದಕ್ಕೇ ಚೌಕಟ್ಟು ಬಿಟ್ಟು ನೇರ ಗಾಜಿನ ಮೇಲೆ ಮಲಗಿಸಿದೆ. ಬಂದ ಚಿತ್ರದ ತುಂಬ ಹಲಸಿನ ಹಲಗೆಯ ಮೇಲಿರುವಂಥ ಅಲೆಗೆರೆಗಳು. ಇವಕ್ಕೆ ನ್ಯೂಟನ್ನನ ಉಂಗುರಗಳು ಎಂದೇ ಹೆಸರು. ರಾಬರ್ಟ್ ಹುಕ್ 1665ರಲ್ಲೇ ಇಂಥವನ್ನು ಕಂಡು ಬರೆದಿದ್ದ. ಅಳೆದು ಲೆಕ್ಕ ಕೊಟ್ಟ ನ್ಯೂಟನ್ನನ ಪುಸ್ತಕ ಬಂದದ್ದು 1704ರಲ್ಲಿ, ಹೆಸರು ಅವನಿಗೇ ನಿಂತಿತು. ನುಣುಪಾದ ಎರಡು ಮೈಗಳು ಇನ್ನೇನು ತಾಗುತ್ತವೆ ಎನ್ನುವಷ್ಟು ಹತ್ತಿರ ಬಂದಾಗ ನಡುವಿನ ಗಾಳಿಯ ತೆಳುಪದರದಲ್ಲಿ ಬೆಳಕು ಬೆಳಕನ್ನೇ ಕೂಡುತ್ತದೆ, ಕಳೆಯುತ್ತದೆ. ಮಳೆಗಾಲದ ಡಾಂಬರು ರಸ್ತೆಯಲ್ಲಿ ಚೆಲ್ಲಿದ ಎಣ್ಣೆ ಬಣ್ಣಬಣ್ಣವಾಗಿ ಹೊಳೆಯುವುದು ಇದೇ ಬಗೆಯಲ್ಲಿ. ಬೆಂಗಳೂರಿನಲ್ಲಿದ್ದಾಗ ಸಿ. ವಿ. ರಾಮನ್ ಚಿಪ್ಪುಗಳ ಒಳಮೈಯ ಮಿನುಗುಬಣ್ಣವನ್ನು ಅಭ್ಯಾಸ ಮಾಡಿದ್ದರು. ಆ ಬಣ್ಣದಲ್ಲೂ ತೆಳುಪದರಗಳ ಕೈವಾಡವೇ ಹೆಚ್ಚು. ಅಂಥ ದೊಡ್ಡವರು ಬೆರಗಿನಿಂದ ನೋಡಿದ ವಿದ್ಯಮಾನ ನನ್ನ ಸೋದರಮಾವನ ಮದುವೆಯ ಮಂಟಪದ ಮೇಲೆ ಕೂತಿತ್ತು. ಅದನ್ನು ಅಳಿಸುವ ಮುನ್ನ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದೆ. ಚೆಂದವೇ.

ನೆಗೆಟಿವ್‌ಗೆ ಎರಡು ಮೈ: ಒಂದು ಹೊಳಪಿನದು, ಇನ್ನೊಂದು ಚಿತ್ರ ಕೂತಿರುವ ಮಂಕು ಮೈ. ಗಾಜಿಗೆ ಹೊಳಪಿನ ಮೈ ತಾಗಿದಾಗಲೇ ಉಂಗುರ ಏಳುವುದು ಹೆಚ್ಚು. ಮಂಕು ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಒರಟುತನವಿದೆ, ಅದು ಆ ನುಣುಪನ್ನು ಮುರಿಯುತ್ತದೆ. ಹಾಗಾಗಿ ಮಂಕು ಮೈಯನ್ನು ಕೆಳಗೆ ಮಾಡಿ ಮಲಗಿಸಿದೆ. ಮೇಲಿನಿಂದ ಒತ್ತಲು ಗಾಜು ಬೇಕಲ್ಲ, ಅಲ್ಲಿ ಮತ್ತೆ ಹೊಳಪಿನ ಮೈ ತಾಗುತ್ತದೆ. ಅದಕ್ಕೆ ಫೋಟೋ ಫ್ರೇಮಿನ ಅಂಗಡಿಗೆ ಹೋಗಿ, ಪ್ರತಿಫಲನವಾಗದಂತೆ ಮಂಕು ಮಾಡಿದ ಗಾಜಿನ ತುಂಡು ಕತ್ತರಿಸಿ ತಂದು, ಅದರ ಒರಟು ಮುಖವನ್ನು ಫಿಲ್ಮಿಗೆ ಕೊಟ್ಟೆ. ಉಂಗುರಗಳು ಮಾಯವಾದವು. ಮಗುಚಿ ಇಟ್ಟಿದ್ದರಿಂದ ಚಿತ್ರ ಎಡಬಲ ತಿರುಗಿ ಬರುತ್ತದೆ. ಸ್ಕ್ಯಾನರಿನ ಸಾಫ್ಟ್‌ವೇರಿನಲ್ಲಿ ಮಿರರ್ ಎಂಬಲ್ಲಿ ಗುರುತು ಹಾಕಿದರೆ ಸರಿ ಹೋಯಿತು. ಎಡಬಲ ಗುರುತು ಹಿಡಿಯಲು ಫಿಲ್ಮಿನ ಅಂಚಿನ ಅಕ್ಷರಗಳಿವೆ. ಅವು ಓದಲು ಬರುವಂತಿದ್ದರೆ ನಮ್ಮ ಕಡೆಗಿರುವುದು ಹೊಳಪಿನ ಮೈ. ಚಿತ್ರದಲ್ಲಂತೂ ಹೆಂಗಸರ ಸೆರಗು ಎಡ ಹೆಗಲಿನ ಮೇಲಿದೆಯೇ, ಅಂಗಡಿಯ ಬೋರ್ಡು ಓದಲು ಬರುತ್ತದೆಯೇ ಎಂದು ನೋಡಿದರಾಯಿತು.

ಅಷ್ಟಾದರೂ ಚಿತ್ರ ಮಸುಕು. ಹಾಲಿನ ಕೆನೆ ಕಟ್ಟಿದ ಹಾಗೆ. ನನ್ನ ಸ್ಕ್ಯಾನರಿನಂಥವು ಫೋಕಸ್ಸನ್ನು ತಾವಾಗಿ ಹೊಂದಿಸಿಕೊಳ್ಳುವುದಿಲ್ಲ. ಅವುಗಳ ಕಣ್ಣು ಒಂದು ನಿಗದಿಯಾದ ಎತ್ತರದಲ್ಲೇ ನೆಟ್ಟಿರುತ್ತದೆ. ಕೆಲವದು ಗಾಜಿನ ಮೇಲ್ಮೈಗೆ, ಕೆಲವದು ಅದಕ್ಕಿಂತ ಎರಡು ಮೂರು ಮಿಲಿಮೀಟರ್ ಮೇಲಕ್ಕೆ. ಒಂದೇ ಬಗೆಯ ಎರಡು ಯಂತ್ರಗಳ ನಡುವೆಯೂ ಚೂರು ವ್ಯತ್ಯಾಸ ಇರಬಹುದು. ಅದು ಇಳಿದು ಬರುವುದಿಲ್ಲ, ಫಿಲ್ಮನ್ನೇ ಎತ್ತಿ ಕೊಡಬೇಕು. ಫಿಲ್ಮನ್ನು ಒಂದು ತೆಳು ಗಾಜಿನ ಚೌಕಟ್ಟಿಗೆ ಸೇರಿಸಿ, ಅದರ ನಾಲ್ಕು ಮೂಲೆಗೂ ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದ ತುಂಡುಗಳನ್ನು ಕೊಟ್ಟೆ. ಒಂದು ತುಂಡು, ಒಂದು ಸ್ಕ್ಯಾನ್. ಎರಡು ತುಂಡು, ಇನ್ನೊಂದು ಸ್ಕ್ಯಾನ್. ಪ್ರತಿ ಸಲವೂ ಅದೇ ಚಿತ್ರ, ಅದೇ ಜಾಗ: ಚಿಕ್ಕಮ್ಮನ ಧಾರೆ ಸೀರೆಯ ಅಂಚು. ಐದನೆಯ ತುಂಡಿಗೆ ಅಂಚಿನ ಗೋಪುರ ಬಿಡಿಬಿಡಿಯಾಗಿ ಎದ್ದು ಬಂತು, ಏಳನೆಯದಕ್ಕೆ ಮತ್ತೆ ಮುಳುಗಿತು. ಆರಕ್ಕೆ ನಿಲ್ಲಿಸಿ ಗೋಂದು ಹಚ್ಚಿದೆ. ಆ ರಾತ್ರಿ ಅಡುಗೆಮನೆಗೆ ಹೋಗಿ ಹೆಂಡತಿಯನ್ನು ಕರೆದುಕೊಂಡು ಬಂದು ತೋರಿಸಿದೆ. ಅವಳು ನೋಡಿದ್ದು ಗೋಪುರವನ್ನಲ್ಲ, ಚಿಕ್ಕಮ್ಮ ಎಷ್ಟು ಚಿಕ್ಕ ಹುಡುಗಿ ಎಂಬುದನ್ನು.

ಪೆಟ್ಟಿಗೆಯ ಮೇಲೆ ಇಂಚಿಗೆ 6400 ಚುಕ್ಕಿ ಎಂದು ಬರೆದಿರುವುದನ್ನು ನಂಬಿ ಅಷ್ಟಕ್ಕೇ ಸ್ಕ್ಯಾನ್ ಮಾಡಲು ಹೋಗಬೇಡಿ ಎನ್ನುವುದು ನನ್ನ ಸಲಹೆ. ಒಂದು ಚೌಕಕ್ಕೆ ಹತ್ತಿರ ಹತ್ತಿರ 20 ಕೋಟಿ ಚುಕ್ಕಿಯಾಗುತ್ತದೆ, 16 ಬಿಟ್ಟಿನಲ್ಲಿ 400 ಎಂಬಿಯ ಫೈಲು. ಇಂಥ ಮೇಜಿನ ಯಂತ್ರ ನಿಜವಾಗಿ ಬಿಡಿಸಿ ತೋರಿಸಬಲ್ಲ ವಿವರ ಅದಕ್ಕಿಂತ ಬಹಳ ಮೊದಲೇ ಮುಗಿದಿರುತ್ತದೆ. 2400 ಸಾಕು. ಅಷ್ಟಕ್ಕೇ ಒಂದೊಂದು ಬದಿಗೆ 5300 ಚುಕ್ಕಿ ಬರುತ್ತದೆ, ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟಾಗುತ್ತದೆ.

ಧೂಳು, ಗೀರು ತಾನೇ ಅಳಿಸುವ ಸೌಲಭ್ಯದ ಬಗ್ಗೆಯೂ ಒಂದು ಮಾತು. ಅದು ಅವಗೆಂಪು ಕಿರಣದಿಂದ ಕೆಲಸ ಮಾಡುತ್ತದೆ. ಬಣ್ಣದ ನೆಗೆಟಿವಿನ ವರ್ಣದ್ರವ್ಯಗಳು ಆ ಕಿರಣವನ್ನು ಬಿಡುತ್ತವೆ, ಧೂಳು ತಡೆಯುತ್ತದೆ. ಆದ್ದರಿಂದ ತಡೆದದ್ದೆಲ್ಲ ಧೂಳು ಎಂದು ಯಂತ್ರ ತಿಳಿಯುತ್ತದೆ. ಕಪ್ಪು ಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿಯ ಕಣಗಳದ್ದು, ಬೆಳ್ಳಿ ಆ ಕಿರಣವನ್ನು ತಡೆಯುತ್ತದೆ. ನನ್ನ ಅಜ್ಜಿಯ ಮೂಗುಬೊಟ್ಟು, ಬೆಂಡೋಲೆ ಎರಡನ್ನೂ ಯಂತ್ರ ಕಸವೆಂದು ಗುಡಿಸಿಹಾಕಿತ್ತು. ಆ ಗುಂಡಿ ಆರಿಸಿ ಈಗ ಒಂದೊಂದೇ ಚುಕ್ಕಿಯನ್ನು ಕೈಯಾರೆ ತಿದ್ದುತ್ತೇನೆ. ಒಂದು ಚಿತ್ರಕ್ಕೆ ಒಂದು ಗಂಟೆ ಹಿಡಿಯುತ್ತದೆ. ಆ ಒಂದು ಗಂಟೆಯಲ್ಲಿ ಆ ಮುಖವನ್ನು ನೋಡಿದಷ್ಟು ಹತ್ತಿರದಿಂದ ನಾನು ಅವರು ಬದುಕಿದ್ದಾಗಲೂ ನೋಡಿರಲಿಲ್ಲ.

ಒಂದು ಪಟ್ಟಿಗೆ ಮಾತ್ರ ಮಂಕು ಮೈಯ ಮೇಲೇ ಬೂಸಲು ಹರಡಿತ್ತು, ಜೇಡರ ಬಲೆಯ ಹಾಗೆ. ಬೂಸಲು ತಿಂದ ಜೆಲಟಿನ್ ನೀರು ತಾಗಿದರೆ ಕರಗಿ ಹೋಗುತ್ತದೆ, ಚಿತ್ರವೂ ಅದರ ಜೊತೆಗೇ. ಮೊಬೈಲ್ ರಿಪೇರಿಯವರು ಬಳಸುವ ನೀರಿಲ್ಲದ ಐಸೋಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಗೆ ಮುಟ್ಟಿಸಿ, ಮೊದಲು ಚಿತ್ರವಿಲ್ಲದ ಅಂಚಿನಲ್ಲಿ ಪರೀಕ್ಷಿಸಿ, ಆಮೇಲೆ ಉಸಿರು ಬಿಗಿಹಿಡಿದು ಸವರಿದೆ. ಅಂಥ ಮೈಯನ್ನು ಗಾಜಿಗೆ ಒತ್ತಲು ಮನಸ್ಸು ಬರಲಿಲ್ಲ. ಹೊಳಪಿನ ಮೈ ಕೆಳಗೆ ಮಾಡಿ ಹಳೆಯ ಚೌಕಟ್ಟಿನಲ್ಲೇ ಇಟ್ಟು, ಜೋಲಿದರೆ ಜೋಲಲಿ ಎಂದು ಸ್ಕ್ಯಾನ್ ಮಾಡಿದೆ.

ಚೌತಿ ಹಬ್ಬಕ್ಕೆ ಸೋದರತ್ತೆ ಬಂದರು. ಎಂಬತ್ತೆರಡು ದಾಟಿದೆ, ಒಂದು ಕಣ್ಣಿಗೆ ಪೊರೆ ತೆಗೆಸಿದ್ದಾರೆ. ಟೀವಿಗೆ ಜೋಡಿಸಿ ಒಂದೊಂದೇ ಚಿತ್ರ ತೋರಿಸಿದೆ. ಒಂದರಲ್ಲಿ ಖಾಲಿ ಅಂಗಳ, ಮೂವರು ಮಕ್ಕಳು, ಒಂದು ಕರು. ಸೆರಗಿಲ್ಲ, ಬೋರ್ಡಿಲ್ಲ.

“ಇದು ಯಾರ ಮನೆ ತಮ್ಮಾ?” ಎಂದರು.

“ನಮ್ಮದೇ ಅತ್ತೆ, ಹಳೇ ಮನೆ.”

“ನಮ್ಮನೆ ಆದ್ರೆ ಬಾವಿ ಆ ಕಡೆ ಹ್ಯಾಗೆ ಹೋಯ್ತು? ಜಗಲಿ ಮೇಲೆ ನಿಂತು ನೋಡಿದ್ರೆ ಎಡಗೈ ಕಡೆ ಬಾವಿ. ಹದಿನೆಂಟು ವರ್ಷ ನೀರು ಸೇದಿದೀನಿ, ನಂಗೊತ್ತಿಲ್ವಾ?”

ಎದ್ದು ಹೋಗಿ ನೆಗೆಟಿವ್ ತಂದು ಕಿಟಕಿಯ ಬೆಳಕಿಗೆ ಹಿಡಿದೆ. ಅಂಚಿನ ಅಕ್ಷರ ನೋಡಿದೆ. ಬೂಸಲಿನ ಪಟ್ಟಿ. ಅದನ್ನು ಮಗುಚದೆ ಇಟ್ಟಿದ್ದೆ, ಮಿರರ್ ಗುರುತು ಮಾತ್ರ ಹಿಂದಿನ ದಿನದ್ದು ಹಾಗೇ ಉಳಿದಿತ್ತು. ಕಂಪ್ಯೂಟರಿನಲ್ಲಿ ಚಿತ್ರವನ್ನು ತಿರುಗಿಸಿದೆ. ಬಾವಿ ಅಂಗಳ ದಾಟಿಕೊಂಡು ತನ್ನ ಜಾಗಕ್ಕೆ ಬಂತು.

“ಹಾಂ, ಈಗ ಸರಿ” ಎಂದರು ಅತ್ತೆ, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತ. “ಆ ಕರು ಇದೆಯಲ್ಲ, ಅದು ಕಪಿಲೆಯ ಎರಡನೇದು. ಅದರ ಹಗ್ಗ ಹಿಡಿದವನು ನಿನ್ನ ದೊಡ್ಡಪ್ಪನ ಮಗ. ಈ ಕಡೆಯ ಹುಡುಗಿ ಯಾರು ಹೇಳು ನೋಡೋಣ. ಚೂರು ದೊಡ್ಡದು ಮಾಡು.”

ದೊಡ್ಡದು ಮಾಡಿದೆ.