ಗಾಳಿ ಜೋರೈತಿ, ಹೋರಿ ನಿಂತೈತಿ

ಕಳೆದ ದೀಪಾವಳಿಗೆ ನಮ್ಮೂರ ಹೋರಿ ಹಬ್ಬದ ಫ್ಲೆಕ್ಸ್‌ಗೆ ಚಿತ್ರ ಬರೆಯೋ ಕೆಲಸ ನನ್ನ ತಲೆಗೆ ಬಿತ್ತು. ನಮ್ಮದು ನ್ಯಾಮತಿ ಹತ್ತಿರದ ಹಳ್ಳಿ. ಹೊನ್ನಾಳಿ, ನ್ಯಾಮತಿ ಕಡೆ ದೀಪಾವಳಿ ಬಂತಂದ್ರೆ ಹೋರಿಯದ್ದೇ ಮಾತು. ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿ ಅಖಾಡದಲ್ಲಿ ಓಡುತ್ತೆ, ಹುಡುಗರು ಆ ಕೊಬ್ಬರಿ ಕೀಳೋಕೆ ಮೈಮೇಲೆ ಬೀಳ್ತಾರೆ. ಫ್ಲೆಕ್ಸ್‌ನಲ್ಲಿ ಮಾತ್ರ ಸುಮ್ಮನೆ ನಿಂತ ಹೋರಿಯ ಫೋಟೋ, ಸುತ್ತ ಕಮಿಟಿಯವರ ಮುಖಗಳು. ಈ ಸಲ ಹೋರಿನ ಓಡಿಸೇ ಬಿಡ್ತೀನಿ ಅಂತ ಟ್ಯಾಬ್ ಹಿಡಿದು ಕೂತೆ.

ಮೂರು ರಾತ್ರಿ ಬರೆದೆ. ನಾಲ್ಕೂ ಕಾಲು ಹಿಂದೆ ಮುಂದೆ ಚಾಚಿಸಿದೆ, ಕಾಮಿಕ್ಸ್ ತರ ಗೆರೆ ಎಳೆದೆ, ಬ್ಲರ್ ಹಾಕಿದೆ. ಅಪ್ಪನಿಗೆ ತೋರಿಸಿದೆ. ಅವರು ಹೋರಿ ಸಾಕಿದವರು. ನನ್ನ ಚಿತ್ರದ ಬಗ್ಗೆ "ಓದೋದು ಬಿಟ್ಟು ಇದೇನು" ಅನ್ನೋದನ್ನ ಬಿಟ್ಟು ಬೇರೆ ಮಾತು ಆಡಿದವರಲ್ಲ. ಒಂದು ಗಳಿಗೆ ನೋಡಿ, "ಗಾಳಿ ಜೋರೈತಿ, ಹೋರಿ ನಿಂತೈತಲ್ಲೋ" ಅಂದ್ರು.

ಸಿಟ್ಟು ಬಂತು. ಆದ್ರೆ ಅಪ್ಪ ಎದ್ದು ಹೋಗಲಿಲ್ಲ, ಬೆರಳಿಟ್ಟು ತೋರಿಸಿದ್ರು. ಕೊಬ್ಬರಿ ಸರ ನೆಟ್ಟಗೆ ನೇತಾಡ್ತಿದೆ; ಹೋರಿ ಎಗರಿದ್ರೆ ಅದು ಹಿಂದೆ ಉಳೀಬೇಕು. ಹಿಡಿಯೋಕೆ ಬಂದ ಹುಡುಗ ಕಂಬದ ಹಾಗೆ ನಿಂತಿದ್ದಾನೆ. ಹೋರಿಯ ಮೂಗು ಚಿತ್ರದ ಅಂಚಿಗೆ ತಾಗಿದೆ. "ಎಲ್ಲಿಗೆ ಓಡಬೇಕೋ ಅದು?"

ನಾವು ಫಸ್ಟ್ ಇಯರ್‌ನಲ್ಲಿ ಓದಿದ್ದೇ ಅಲ್ವಾ ಇದು! ಸರ ಹಿಂದೆ ಉಳಿಯೋದು ಜಡತ್ವ. ಗುರುತ್ವ ಕೇಂದ್ರ ಪಾದ ದಾಟಿ ಮುಂದೆ ಹೋದ್ರೆ ಮೈ ಬೀಳಬೇಕು, ಇಲ್ಲಾ ಇನ್ನೊಂದು ಹೆಜ್ಜೆ ಇಡಬೇಕು. ಚಿತ್ರದಲ್ಲಿ ಆ ಹೆಜ್ಜೆ ಇರೋದಿಲ್ಲ. ನೋಡೋರ ಕಣ್ಣೇ ಅದನ್ನ ಇಟ್ಟುಬಿಡುತ್ತೆ.

ಕಾಲಿನ ತಪ್ಪು ಆಮೇಲೆ ತಿಳೀತು. ಯುರೋಪಿನ ದೊಡ್ಡ ಕಲಾವಿದರೂ ಓಡುವ ಕುದುರೆಯ ಕಾಲುಗಳನ್ನು ನನ್ನ ಹಾಗೇ ಚಾಚಿ ಬರೆದಿದ್ದರು. 1878ರಲ್ಲಿ ಮೈಬ್ರಿಜ್ ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು ತೆಗೆದ ಫೋಟೋಗಳಲ್ಲಿ, ನಾಲ್ಕೂ ಕಾಲು ನೆಲ ಬಿಟ್ಟ ಕ್ಷಣದಲ್ಲಿ ಅವು ಹೊಟ್ಟೆಯ ಕೆಳಗೆ ಮಡಚಿಕೊಂಡಿದ್ದವು.

ಮತ್ತೆ ಬರೆದೆ. ಕಾಲು ಮಡಚಿದೆ, ಸರ ಹಿಂದೆ ಹಾರಿಸಿದೆ, ಹುಡುಗನನ್ನ ಬೀಳೋ ಹಾಗೆ ಬಗ್ಗಿಸಿ ಅವನ ಕೈಗೂ ಕೊಬ್ಬರಿಗೂ ನಡುವೆ ಒಂದು ಬೆರಳು ಜಾಗ ಬಿಟ್ಟೆ. ಹೋರಿಯ ಮುಂದೆ ಖಾಲಿ ನೆಲ. ಗೆರೆ, ಬ್ಲರ್ ಎಲ್ಲ ಅಳಿಸಿದೆ. ಈಗ ಜಗಳೂರಿನ ಗೆಳೆಯ ಕಬಡ್ಡಿಗೆ, ಚನ್ನಗಿರಿಯವನು ವಾಲಿಬಾಲಿಗೆ ಪೋಸ್ಟರ್ ಕೇಳಿದ್ರೂ ಮೊದಲು ನೋಡೋದು ಮೈಭಾರ ಎಲ್ಲಿದೆ ಅಂತ.

ಫ್ಲೆಕ್ಸ್ ನೋಡಿ ಅಪ್ಪ ಏನೂ ಹೇಳಲಿಲ್ಲ. ಹಬ್ಬ ಮುಗಿದ ಮೇಲೆ ಬಿಚ್ಚಿ ತಂದು ಹುಲ್ಲಿನ ಬಣವೆಗೆ ಹೊದಿಸಿದ್ದಾರೆ. ಎಲ್ಲರೂ ಚಿತ್ರ ಒಳಗೆ ಮಾಡಿ ಹೊದಿಸ್ತಾರೆ. ನಮ್ಮ ಬಣವೆ ಮೇಲೆ ಹೋರಿ ಹೊರಗೇ ಇದೆ.