ಹದಿನೇಳನೇ ಸಾಲು

ಟೊಮ್ಯಾಟೊ ಜೊತೆ ಚೆಂಡುಹೂವು ಹಾಕಿದ್ರಲ್ಲ, ಏನಾಯ್ತು ಬರೀರಿ ಅಂತ ಮೂರ್ನಾಲ್ಕು ಜನ ಕೇಳಿದ್ರಿ. ಬರೀತೀನಿ. ಆದ್ರೆ ಅದನ್ನ ಬರೆಯೋಕೆ ಕೂತ್ರೆ ನನ್ನ ಮಗಳ ವಿಚಾರ ಬರದೆ ಇರಲ್ಲ. ಯಾಕಂದ್ರೆ ಆ ಹೂವಿನ ಸಾಲು ಅವಳದು. ನಾನು ಅದಕ್ಕೆ ಆಳು ಅಷ್ಟೆ.

ಮೊದಲು ಬೇಸಾಯದ ಮಾತು ಮುಗಿಸ್ತೀನಿ. ಟೊಮ್ಯಾಟೊಗೆ ಕಾಯಿಕೊರಕ ಹುಳದ ಕಾಟ ಎಲ್ಲರಿಗೂ ಗೊತ್ತಿರೋದೇ. ಅದರ ಪತಂಗಕ್ಕೆ ಟೊಮ್ಯಾಟೊಗಿಂತ ಚೆಂಡುಹೂವು ಅಂದ್ರೆ ಇಷ್ಟ. ಅದಕ್ಕೇ 16 ಸಾಲು ಟೊಮ್ಯಾಟೊಗೆ 1 ಸಾಲು ಚೆಂಡುಹೂವು ಹಾಕಿ ಅಂತಾರೆ. ಗುಟ್ಟು ಇರೋದು ಸಸಿ ವಯಸ್ಸಿನಲ್ಲಿ. ಟೊಮ್ಯಾಟೊ ಸಸಿ 25 ದಿನದ್ದು, ಚೆಂಡುಹೂವಿನ ಸಸಿ 45 ದಿನದ್ದು ಇರಬೇಕು, ಎರಡನ್ನೂ ಒಂದೇ ದಿನ ನಾಟಿ ಮಾಡಬೇಕು. ಆಗ ಎರಡೂ ಒಟ್ಟಿಗೆ ಹೂವಿಗೆ ಬರ್ತವೆ, ಪತಂಗ ಬಂದು ಚೆಂಡುಹೂವಿನ ಮೇಲೆ ಮೊಟ್ಟೆ ಇಡುತ್ತೆ. ಎತ್ತರ ಬೆಳೆಯೋ ಜಾತಿ ಹೂವೇ ಆಗಬೇಕು. ಹಾಗಂತ ಹಾಕಿ ಸುಮ್ಮನೆ ಬಿಟ್ರೆ ಆ ಸಾಲೇ ಹುಳಕ್ಕೆ ತವರುಮನೆ ಆಗ್ಬಿಡುತ್ತೆ. ವಾರಕ್ಕೆ ಎರಡು ಸಲ ನಿಂತು ಹುಳ ಆರಿಸ್ಲೇಬೇಕು.

ನಾನು ಹಾಕಿದ್ದು 10 ಗುಂಟೆಗೆ, 2025ರ ಜುಲೈ ಕೊನೇಲಿ. ಲೆಕ್ಕ ಮಾಡಿಕೊಂಡಂಗೆ ಸರಿಯಾಗಿ 17 ಸಾಲು ಬಂತು. ಅವತ್ತು ಭಾನುವಾರ. ಎರಡನೇ ಕ್ಲಾಸಿನ ನನ್ನ ಮಗಳು ಬದುವಿನ ಮೇಲೆ ಕೂತು ಎಣಿಸ್ತಾ ಇದ್ಲು.

"ಅಪ್ಪ, ಈ ಹದಿನಾರು ಯಾರದು?"

"ನಂದು ಕಣವ್ವ."

"ಹಂಗಾದ್ರೆ ಹದಿನೇಳನೇದು ನಂದು."

ನಾನು ಹೂಂ ಅಂದೆ. ನಾಟಿ ಮಾಡೋವಾಗ ಸೊಂಟ ಮುರಿದು ಹೋಗಿರುತ್ತೆ, ಮಕ್ಕಳು ಏನು ಕೇಳಿದ್ರೂ ಹೂಂ ಅಂತೀವಿ. ಸಾಯಂಕಾಲ ನೋಡ್ತೀನಿ, ಒಡೆದ ಹೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ನೆಟ್ಟವಳೆ: "ಇದು ನನ್ನ ಸಾಲು. ಅಪ್ಪ ಕೇಳಿ ಬರಬೇಕು."

ಅವತ್ತಿಂದ ಶುರುವಾಯ್ತು ನೋಡಿ. ಸ್ಕೂಲಿಂದ ಬಂದವಳೇ ಬ್ಯಾಗ್ ಎಸೆದು ಹೊಲಕ್ಕೆ ಓಡೋದು. ಒಂದಿನ ಟೊಮ್ಯಾಟೊ ಗಿಡದ ಕಂಕುಳ ಕುಡಿ ಚಿವುಟ್ತಾ ಇದ್ದೆ. ಯಾಕಪ್ಪ ಅಂದ್ಲು. ಬೇಡದ ಕುಡಿ ತೆಗೆದ್ರೆ ಗಿಡ ಚೆನ್ನಾಗಿ ಬರುತ್ತೆ ಅಂತ ಹೇಳಿ ನೀರು ತಿರುಗಿಸೋಕೆ ಹೋದೆ. ಬರೋ ಹೊತ್ತಿಗೆ ಇಪ್ಪತ್ತು ಇಪ್ಪತ್ತೈದು ಗಿಡದ ನೆತ್ತಿ ಕುಡಿನೇ ಇಲ್ಲ! ಒಂದು ಕಡೆಯಿಂದ ಬೋಳಿಸಿಕೊಂಡು ಬಂದವಳೆ. ನಂಗೆ ಎದೆ ಧಸಕ್ ಅಂತು. ಏನೇ ಇದು ಅಂದ್ರೆ, "ಮೇಲಿರೋದು ಕೈಗೆ ಸಿಕ್ತು, ಕಂಕುಳದ್ದು ಸಿಗ್ಲಿಲ್ಲ" ಅಂದ್ಲು. ಬೈಯೋಣ ಅಂತ ಬಾಯಿ ತೆಗೆದೆ. ಅಷ್ಟ್ರಲ್ಲಿ, "ನಿಂಗೂ ನೆತ್ತಿ ಮೇಲೆ ಇಲ್ವಲ್ಲ ಅಪ್ಪ, ನೀನು ಚೆನ್ನಾಗೇ ಇದೀಯಲ್ಲ" ಅಂದ್ಲು. ಪಕ್ಕದ ಜಮೀನಿನಲ್ಲಿ ಕಳೆ ಕೀಳ್ತಿದ್ದ ಹೆಂಗಸರು ಅರ್ಧ ಗಂಟೆ ಕೆಲಸ ಮಾಡ್ಲಿಲ್ಲ. ಆ ಗಿಡಗಳು ಆಮೇಲೆ ಪಕ್ಕದಲ್ಲಿ ಕವಲೊಡೆದು ತಡವಾಗಿ ಕಾಯಿ ಬಿಟ್ವು. ಸತ್ತಿಲ್ಲ, ಅಷ್ಟೇ ಸಮಾಧಾನ.

ಹುಳ ಆರಿಸೋ ಕೆಲಸ ಅವಳಿಗೇ ಕೊಟ್ಟೆ. ಒಂದು ಹುಳಕ್ಕೆ ಒಂದು ರೂಪಾಯಿ. ಬೆಂಕಿಪೊಟ್ಟಣದಲ್ಲಿ ತಂದು ಎಣಿಸಿ ತೋರಿಸೋದು, ದುಡ್ಡು ಇಸ್ಕೊಳ್ಳೋದು. ಮೊದಲ ವಾರ 30, ಎರಡನೇ ವಾರ 50. ನಂಗೆ ಗಾಬರಿ ಆಯ್ತು, ಇಷ್ಟೊಂದು ಹುಳ ಬಿದ್ರೆ ಟೊಮ್ಯಾಟೊ ಗತಿ ಏನು ಅಂತ. ಹೋಗಿ ಗಿಡ ಗಿಡ ತಿರುಗಿಸಿ ನೋಡಿದ್ರೆ ಅಂಥಾ ಹುಳವೇನೂ ಇಲ್ಲ. ವಿಚಾರಣೆ ಮಾಡಿದ ಮೇಲೆ ಗೊತ್ತಾಯ್ತು, ತೋರಿಸಿದ ಹುಳನ ಕೋಳಿಗೆ ಹಾಕದೆ ಹಿತ್ತಲಲ್ಲಿ ಡಬ್ಬಿಗೆ ಎಲೆ ಹಾಕಿ ಸಾಕ್ತಾ ಇದ್ಲು. ಅದೇ ಹುಳ ಎರಡೆರಡು ಸಲ ಮಾರಾಟ ಆಗಿದೆ! ಬಂಡಿಪಾಳ್ಯದ ಎಪಿಎಂಸಿಯಲ್ಲಿ ಇಷ್ಟು ವರ್ಷದಿಂದ ಮಾಲು ಹಾಕ್ತಾ ಇದೀನಿ, ಇಂಥಾ ವ್ಯಾಪಾರ ನೋಡಿರಲಿಲ್ಲ. ಅವಳವ್ವ ಮಾತ್ರ, "ನಿಮ್ಮ ಮನೇಲಿ ಇಷ್ಟು ದಿನಕ್ಕೆ ಒಬ್ರಾದ್ರೂ ಲಾಭ ಮಾಡೋರು ಹುಟ್ಟಿದ್ರಲ್ಲ" ಅಂದ್ಲು.

ನನ್ನ ಲೆಕ್ಕದ ಪುಸ್ತಕವನ್ನೂ ಅವಳೇ ತಿದ್ದೋದು. "ಟಮಾಟೆ ಅಂತ ಬರೆದಿದೀಯ, ನಮ್ಮ ಮಿಸ್ಸು ತಪ್ಪು ಹಾಕ್ತಾರೆ" ಅಂತ ಕೆಂಪು ಪೆನ್ನಲ್ಲಿ ಗೀಟು. ಎಸ್ಸೆಸ್ಸೆಲ್ಸಿ ಪಾಸಾದ ನನಗೆ ಹತ್ತಕ್ಕೆ ನಾಲ್ಕು ಮಾರ್ಕು ಕೊಟ್ಟವಳೆ.

ದಸರಾ ಹತ್ತಿರ ಬಂತು. ಆನೆ ತಾಲೀಮು ನೋಡಬೇಕು ಅಂತ ಹಠ. ಸಯ್ಯಾಜಿರಾವ್ ರಸ್ತೆಗೆ ಕರ್ಕೊಂಡು ಹೋಗಿ ಹೆಗಲ ಮೇಲೆ ಕೂರಿಸ್ಕೊಂಡು ತೋರಿಸಿದೆ. ಅಭಿಮನ್ಯು ಬಂತು. ಅಂಬಾರಿ ತೂಕ ಎಷ್ಟಪ್ಪ ಅಂದ್ಲು. 750 ಕೆಜಿ ಅಂತ ಹೇಳಿದೆ. "ನಮ್ಮ ಟೊಮ್ಯಾಟೊ ಕ್ರೇಟಲ್ಲಿ ಎಷ್ಟು?" ಕ್ರೇಟಿಗೆ 25 ಕೆಜಿ ಹಿಡಿದ್ರೂ 30 ಕ್ರೇಟು. ಸ್ವಲ್ಪ ಹೊತ್ತು ಯೋಚನೆ ಮಾಡಿ, "ನಮ್ಮ ಟೆಂಪೋ ಅಣ್ಣ ದಿನಾ ಅಷ್ಟು ಹೊರ್ತಾರೆ, ಅವರಿಗ್ಯಾಕೆ ಯಾರೂ ಹೂವು ಎಸೆಯಲ್ಲ?" ಅಂದ್ಲು. ಮುಂದಿನ ಲೋಡಿಗೆ ಬಂದಾಗ ಆ ಟೆಂಪೋದವನ ಮೇಲೆ ಒಂದು ಹಿಡಿ ಚೆಂಡುಹೂವು ಎಸೆದೂ ಬಂದ್ಲು. ಪಾಪ, ಅವನು ಹೆದರಿಕೊಂಡು ಇಳಿದೇಬಿಟ್ಟ.

ಆಯುಧಪೂಜೆ ಅಕ್ಟೋಬರ್ 1ಕ್ಕೆ. ಹಿಂದಿನ ದಿನ ಅವಳ ಸಾಲಿನ ಹೂವು ಬಿಡಿಸಿ, ರಾತ್ರಿಯೆಲ್ಲ ನನ್ನಾಕೆ ಪೋಣಿಸಿ, ಬೆಳಿಗ್ಗೆ ಅಗ್ರಹಾರ ಸರ್ಕಲ್ ಹತ್ರ ಫುಟ್‌ಪಾತಲ್ಲಿ ಚೀಲ ಹಾಸಿಕೊಂಡು ಕೂತ್ವಿ. ಬೂದುಗುಂಬಳ, ಬಾಳೆಕಂದು, ಹೂವು, ಜನವೋ ಜನ. ನಮ್ಮ ಕಡೆ ಚೆಂಡುಹೂವು ಮಾರಿನ ಲೆಕ್ಕ ತಾನೆ. ನಾಲ್ಕು ಮೊಳಕ್ಕೆ ಒಂದು ಮಾರು, ಎರಡೂ ಕೈ ಚಾಚಿದಷ್ಟು. ನಾನು ಚಿಲ್ಲರೆ ತರೋಕೆ ಎದ್ದು ಹೋಗಿದ್ದೆ. ಬಂದು ನೋಡಿದ್ರೆ ಒಬ್ಬ ಹೆಂಗಸು ಮಗಳ ಜೊತೆ ಜಗಳಕ್ಕೆ ನಿಂತವ್ರೆ.

"ಏನ್ ಮಗ, ಇದು ಮಾರಾ? ಎರಡು ಮೊಳಾನೂ ಇಲ್ಲ."

"ಮಾರು ಅಂದ್ರೆ ಎರಡು ಕೈ ಅಗಲ ಆಂಟಿ. ನಂಗೂ ಎರಡೇ ಕೈ ಇರೋದು."

ಪುಟ್ಟ ಕೈ ಎರಡೂ ಅಗಲಿಸಿ ತೋರಿಸ್ತಾ ಇದ್ಲು. ಆಯಮ್ಮ ನಕ್ಕೂ ನಕ್ಕೂ ಸಾಕಾಗಿ 80 ರೂಪಾಯಿ ಪೂರ್ತಿ ಕೊಟ್ರು. ನಾನು ಒಪ್ಪದೆ ನನ್ನ ಕೈಯಲ್ಲಿ ಅಳೆದು ಉಳಿದದ್ದು ಸೇರಿಸಿ ಕೊಟ್ಟೆ. ಹೋಗೋವಾಗ ಅವರು, "ನಿಮ್ಮ ಮೊಮ್ಮಗಳು ಬಲೇ ಜೋರು ಯಜಮಾನ್ರೆ" ಅಂದ್ರು. ಇದು ನನಗೆ ಹೊಸದಲ್ಲ. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಹುಟ್ಟಿದ ಕೂಸು. ನನಗೆ 54, ಅವಳಿಗೆ 7. ನಾನು ಸುಮ್ಮನೆ ತಲೆ ಆಡಿಸ್ತೀನಿ. ಅವಳು ಸುಮ್ಮನಿರಬೇಕಲ್ಲ! "ಮೊಮ್ಮಗಳಲ್ಲ, ಮಗಳು. ನಮ್ಮಪ್ಪ ಬೆಳಿಗ್ಗೆ ಶೇವ್ ಮಾಡ್ಕೊಂಡಿಲ್ಲ ಅಷ್ಟೆ" ಅಂದ್ಲು.

ಇಲ್ಲಿವರೆಗೆ ನಗೋ ಮಾತು. ಈಗ ಇನ್ನೊಂದು ಬರೀತೀನಿ, ಬರೆಯೋದೋ ಬೇಡ್ವೋ ಅಂತ ನಾಲ್ಕು ದಿನ ಯೋಚನೆ ಮಾಡಿದೆ.

ದೀಪಾವಳಿಗೆ ನನ್ನ ತಂಗಿ ಬಂದಿದ್ಲು. ಮಗಳು ಅತ್ತೆ ಕೈ ಹಿಡ್ಕೊಂಡು ಹೊಲಕ್ಕೆ ಎಳ್ಕೊಂಡು ಹೋದ್ಲು. ಹೆಂಚಿನ ಬೋರ್ಡು ತೋರಿಸಿದ್ಲು. ಹದಿನಾರು ಸಾಲು ಅಪ್ಪನದು, ಹದಿನೇಳನೇದು ನಂದು ಅಂದ್ಲು. ಆಮೇಲೆ ಕೇಳಿದ್ಲು:

"ಅತ್ತೆ, ನೀನೂ ಇದೇ ಮನೆಯವಳಲ್ವಾ? ನಿನ್ನ ಸಾಲು ಯಾವುದು?"

ನನ್ನ ತಂಗಿ ನಗ್ತಾನೇ ಹೇಳಿದ್ಲು: "ನಂದೂ ಇದೆ ಕಣವ್ವ. ನಿಮ್ಮಪ್ಪ, ಚಿಕ್ಕಪ್ಪ ಇಟ್ಕೊಂಡವ್ರೆ."

"ಯಾವಾಗ ವಾಪಸ್ ಕೊಡ್ತಾರೆ?"

ಇಬ್ರೂ ತಿರುಗಿ ನನ್ನ ಕಡೆ ನೋಡಿದ್ರು. ನಾನು ಪೈಪು ಸರಿ ಮಾಡೋನ ಥರ ಬಗ್ಗಿದೆ. ಪೈಪು ಸರಿಯಾಗೇ ಇತ್ತು.

ವಿಷಯ ಇಷ್ಟೆ. ತಾತನ ಕಾಲದ ಜಮೀನು 3 ಎಕರೆ. ಅಪ್ಪ ತೀರಿಕೊಂಡ ಮೇಲೆ ನಾನು, ತಮ್ಮ ಒಂದೂವರೆ ಒಂದೂವರೆ ಎಕರೆ ಮಾಡ್ಕೊಂಡ್ವಿ. ತಂಗಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿದ್ಲು. ಒಂದು ಮಾತು ಆಡಲಿಲ್ಲ. ಬರ್ತಾ ಅವಳಿಗೊಂದು ಸೀರೆ, ಅರಿಶಿನ ಕುಂಕುಮ ಕೊಟ್ಟು ಬಸ್ ಹತ್ತಿಸಿದ್ವಿ. ಊರಲ್ಲಿ ಎಲ್ಲರೂ ಹಂಗೇ ಮಾಡೋದು, ನಾವೂ ಮಾಡಿದ್ವಿ. ನಮ್ಮ ರಾಜ್ಯದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಅಂತ ಕಾನೂನು ಬಂದಿದ್ದು 1994ರಲ್ಲೇ, ಆಗ ಮದುವೆ ಆಗದೆ ಇದ್ದವರಿಗೆ. ಅವಳ ಮದುವೆ ಆಗಿದ್ದು 1996ರಲ್ಲಿ. ಮದುವೆ ಆದವರು ಆಗದವರು ಅನ್ನೋ ಭೇದ ತೆಗೆದು ಇಡೀ ದೇಶಕ್ಕೆ 2005ರಲ್ಲಿ ಬಂತು. ಹುಟ್ಟಿನಿಂದಲೇ ಮಗಳಿಗೆ ಮಗನಷ್ಟೇ ಹಕ್ಕು, ಆಗ ಅಪ್ಪ ಬದುಕಿರಬೇಕು ಅಂತೇನಿಲ್ಲ ಅಂತ ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಹೇಳಿತು. ಇದೆಲ್ಲ ನನಗೆ ಗೊತ್ತಿಲ್ದೆ ಇರಲಿಲ್ಲ. ಗೊತ್ತಿದ್ದೇ ರುಜು ಹಾಕಿಸಿದ್ದು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮಗಳು ಕೈ ಅಗಲಿಸಿ ಮಾರು ಅಳೆದಿದ್ದಕ್ಕೆ ಅಷ್ಟೊಂದು ನಕ್ಕೆ. ನಾನು ಮಾಡಿದ್ದೂ ಅದೇ ತಾನೆ, ನನ್ನ ಕೈಗೆ ಸರಿಯಾಗಿ ಅಳೆದುಕೊಂಡೆ. ಅವಳಿಗೆ ಏಳು ವರ್ಷ, ನನಗೆ ಐವತ್ತು ದಾಟಿತ್ತು, ಅಷ್ಟೇ ವ್ಯತ್ಯಾಸ. ನನಗಿರೋದು ಒಬ್ಬಳೇ ಮಗಳು. ನಾಳೆ ನನ್ನ ಜಮೀನು ಅವಳಿಗೇ ಹೋಗಬೇಕು, ಯಾರೂ ಅಡ್ಡ ಬರಬಾರದು ಅಂತ ಬಯಸ್ತೀನಿ. ನಮ್ಮಪ್ಪನಿಗೂ ಒಬ್ಬಳೇ ಮಗಳು ಇದ್ಲು.

ಮೂರು ಎಕರೆ ಮೂರು ಜನಕ್ಕೆ ಹಂಚಿದ್ರೆ ಒಬ್ಬೊಬ್ಬರಿಗೆ ಒಂದು ಎಕರೆ. ಅಂದ್ರೆ ನನ್ನ ಹತ್ರ ಅವಳದು 20 ಗುಂಟೆ ಇದೆ. ಮನೆಯಾಕೆಗೆ ಹೇಳಿದೆ. ರಿಂಗ್ ರೋಡ್ ಪಕ್ಕದ ಜಾಗ, ಇವತ್ತಿನ ರೇಟು ನಿಮಗೆಲ್ಲ ಗೊತ್ತು. ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನೂ ನಮ್ಮಣ್ಣಂದಿರಿಗೆ ರುಜು ಹಾಕಿಕೊಟ್ಟೇ ಬಂದಿದೀನಿ" ಅಂದ್ಲು. ಅಷ್ಟೇ ಹೇಳಿದ್ದು. ಮದುವೆಯಾಗಿ ಇಪ್ಪತ್ತೊಂದು ವರ್ಷದಲ್ಲಿ ನಾನು ಅದನ್ನ ಕೇಳಿಯೇ ಇರಲಿಲ್ಲ.

ರಿಜಿಸ್ಟರ್ ಆದ ಬಿಡುಗಡೆ ಪತ್ರ ಇರೋವಾಗ ಕಾನೂನು ನನ್ನ ಮನೆ ಬಾಗಿಲಿಗೆ ಬಂದು ಕೇಳಲ್ಲ. ನಾನಾಗಿ ದಾನಪತ್ರ ಮಾಡಿಕೊಡಬೇಕು. ಸರ್ವೆ ನಂಬರಿನಲ್ಲಿ ಒಂದು ಭಾಗ ಮಾತ್ರ ಬರೆದುಕೊಡೋದಾದ್ರೆ 11ಇ ನಕ್ಷೆ ಬೇಕು, ಅದಕ್ಕೆ ಅರ್ಜಿ ಹಾಕಿದ್ದೀನಿ. ತಮ್ಮನಿಗೆ ಹೇಳಿದೆ, ಅವನು ಇನ್ನೂ ಏನೂ ಹೇಳಿಲ್ಲ. ಅವನ ಪಾಲು ಅವನಿಷ್ಟ. ತಂಗಿಗೆ ಫೋನ್ ಮಾಡಿದ್ರೆ, "ನಂಗ್ಯಾಕಣ್ಣ, ನೀನು ಚೆನ್ನಾಗಿರು" ಅಂದ್ಲು. ಸ್ವಲ್ಪ ಹೊತ್ತು ಬಿಟ್ಟು, "ಬಾವಿ ಕಡೆಯದಾ, ರೋಡ್ ಕಡೆಯದಾ?" ಅಂತಲೂ ಕೇಳಿದ್ಲು. ಆ ಮಾತು ಕೇಳಿ ನನಗೆ ಹಗುರ ಆಯ್ತು.

ಬೆಳೆ ಲೆಕ್ಕ ಹೇಳಿ ಮುಗಿಸ್ತೀನಿ. ಕಾಯಿಕೊರಕಕ್ಕೆ ಹೋದ ವರ್ಷ ನಾಲ್ಕು ಸಲ ಔಷಧಿ ಹೊಡೆದಿದ್ದೆ, ಈ ಸಲ ಒಂದೇ ಸಲ. ಹದಿನೇಳನೇ ಸಾಲಿನ ಹೂವಿಂದ ಖರ್ಚು ಕಳೆದು ಮಗಳಿಗೆ 1,900 ರೂಪಾಯಿ ಉಳಿದಿದೆ. ಹುಳದ ಬಾಬ್ತು ಹೆಚ್ಚಾಗಿ ಇಸ್ಕೊಂಡಿದ್ದು ಅದರಲ್ಲಿ ಹಿಡ್ಕೊಂಡಿಲ್ಲ. ಹಾಕೋರು ಸಸಿ ವಯಸ್ಸು ಮಾತ್ರ ಮರೀಬೇಡಿ, 25 ಮತ್ತು 45.

ಸರ್ವೆಯರ್ ಬರೋ ದಿನ ಸ್ಕೂಲಿಗೆ ರಜೆ ಹಾಕ್ತೀನಿ, ಅತ್ತೆ ಜಾಗ ನಾನೇ ಅಳೀತೀನಿ ಅಂತ ಮಗಳು ಈಗಲೇ ಹೇಳಿಟ್ಟವಳೆ. ಬೇಡ ಕಣವ್ವ, ನಿನ್ನ ಮಾರಲ್ಲಿ ಅಳೆದ್ರೆ ನಿಮ್ಮತ್ತೆಗೆ ನಷ್ಟ ಅಂದೆ.

"ಹಂಗಾದ್ರೆ ಅತ್ತೆನೇ ಕೈ ಅಗಲಿಸಿ ಅಳೀಲಿ ಬಿಡು" ಅಂದ್ಲು.