ನೀರಿಗೊಂದು ದಾರಿ, ಕಾಲಿಗೊಂದು ದಾರಿ

ಚೋರನೂರು, 8 ಸೆಪ್ಟೆಂಬರ್ 2024

ಸಂಡೂರಿನ ಗುಡ್ಡ ಹತ್ತಿ ಬಂದೆ. ಹಸಿರು ನೋಡಲು ಬಂದವರ ಬೈಕುಗಳು ಬುಡದಲ್ಲೇ ಸಾಲುಗಟ್ಟಿದ್ದವು. ಕಾಲುದಾರಿಯ ತಿರುವಿನಲ್ಲಿ ಸುತ್ತು ಯಾಕೆಂದು ಜನ ನೇರ ಹತ್ತಿದ್ದಾರೆ. ಆ ಅಡ್ಡದಾರಿ ಹಿಡಿದೇ ಮಳೆನೀರೂ ಇಳಿದು ಮೊಣಕಾಲುದ್ದ ಕೊರಕಲು ಬಿದ್ದಿದೆ. ಇಲ್ಲಿ ಅದಿರುಗಲ್ಲಿನ ಮೇಲೆ ಕೂತಿರುವುದು ತೆಳ್ಳನೆಯ ಕೆಂಪು ಮಣ್ಣು. ಹುಲ್ಲಿನ ಬೇರು ಸಡಿಲಾದರೆ ಜಾರಿತು. ಕೊರಕಲಿನ ಅಂಚಿನ ನೀಲಕುರಿಂಜಿಯ ಬೇರುಗಳು ಹೊರಗೆ ಕಾಣುತ್ತಿವೆ. ಹನ್ನೆರಡು ವರ್ಷಕ್ಕೊಮ್ಮೆ ಹೂಬಿಟ್ಟು, ಬೀಜ ಉದುರಿಸಿ ಸಾಯುವ ಗಿಡ. ಅದಕ್ಕೆ ಮೊದಲೇ ಬುಡ ಕಿತ್ತರೆ ಮತ್ತೆ ಹುಟ್ಟುವುದು ಎಲ್ಲಿಂದ?

15 ಸೆಪ್ಟೆಂಬರ್

ಕಾಂಕ್ರೀಟ್ ಮೆಟ್ಟಿಲು ಮಾಡಿಸೋಣ ಎಂದರು ಗೆಳೆಯರು. ನಾನು ಒಪ್ಪಲಿಲ್ಲ. ಮೆಟ್ಟಿಲ ಪಕ್ಕದಲ್ಲಿ ನೀರು ಇನ್ನೂ ರಭಸವಾಗಿ ಇಳಿಯುತ್ತದೆ, ಹಿಂದೆಯೇ ಅಂಗಡಿಗಳೂ ಹತ್ತುತ್ತವೆ. ಕುರಿ ಕಾಯುವ ಹಿರಿಯರೊಬ್ಬರು ಹೇಳಿದ್ದೇ ಸರಿ: "ನೀರು ದಾರಿಗುಂಟ ಹರೀಬಾರ್ದು, ದಾರಿ ದಾಟಿ ಹೋಗ್ಬೇಕು."

ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ ಕಲ್ಲು ಹೂತು ನೀರನ್ನು ಇಳಿಜಾರಿನ ಹುಲ್ಲಿಗೆ ತಿರುಗಿಸಬೇಕು. ಅದಕ್ಕೆ ಗುಡ್ಡದ ಕಲ್ಲು ಕೀಳಬಾರದು, ಕಲ್ಲಿನಡಿ ಚೇಳು, ಹಲ್ಲಿಗಳ ಸಂಸಾರವಿದೆ. ಕೊರಕಲಿಗೆ ಉರುಳಿದವೇ ಸಾಕು. ಅಡ್ಡದಾರಿ ಮುಚ್ಚಲು ಒಣ ಕೊಂಬೆ ಹಾಕಬಹುದು, ಬಳ್ಳಾರಿ ಜಾಲಿ ಮಾತ್ರ ಬೇಡವೇ ಬೇಡ. ಅದರ ಕಾಯಿ ಕಾಡಿನೊಳಗೆ ಬಿದ್ದರೆ ಮುಗಿಯಿತು.

ಅರಣ್ಯ ಇಲಾಖೆಯ ಒಪ್ಪಿಗೆಗೆ ಅರ್ಜಿ ಬರೆದೆ.

6 ಅಕ್ಟೋಬರ್

ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಶುರುವಾಗಿದೆ, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ. ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿದ ಮೇಲೆ ಇದು ಬೇಕೇ ಇತ್ತು. ಆದರೆ ನಮ್ಮ ಗುಡ್ಡಕ್ಕೆ 300 ಹೆಚ್ಚೇ. ಜೋರು ಮಳೆಯ ಮರುದಿನವಂತೂ ಒಬ್ಬರೂ ಹತ್ತಬಾರದು.

"ದೇವದಾರಿ ಗುಡ್ಡದಲ್ಲಿ ಗಣಿಗೆ 99 ಸಾವಿರ ಮರ ಹೋಗೋ ಮಾತು ನಡೆದೈತಿ, ನಿಮಗೆ ಕಾಲುದಾರಿ ಚಿಂತಿ" ಎಂದರೊಬ್ಬರು. ಎರಡೂ ಒಂದೇ ಚಿಂತೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವ ಮುಂಚಿನ ಕೆಂಪು ಧೂಳನ್ನು ನಾವು ಉಸಿರಾಡಿದವರು. ಇಂದಿನ ಹುಡುಗರು ಗುಡ್ಡ ಹತ್ತಿ ಕುರಿಂಜಿಯ ಗುರುತು ಹಿಡಿದರೆ ನಾಳೆ ಅದರ ಪರ ನಿಲ್ಲುತ್ತಾರೆ. ದಾರಿ ಅದಕ್ಕಾಗಿ ಬೇಕು.

10 ನವೆಂಬರ್

ಊರಲ್ಲಿ ಉಪಚುನಾವಣೆಯ ಮೈಕಿನ ಗದ್ದಲ. ಅರಣ್ಯ ಇಲಾಖೆಯ ಗಾರ್ಡ್ ಜೊತೆ ಹೋಗಿ, ಒಪ್ಪಿಗೆ ಸಿಕ್ಕ ಮೇಲೆ ಕಳೆದ ತಿಂಗಳು ಹೂತ ಕಲ್ಲುಸಾಲುಗಳನ್ನು ನೋಡಿದೆ. ಮೇಲಿನವು ಗಟ್ಟಿಯಾಗಿವೆ, ಮುಚ್ಚಿದ ಅಡ್ಡದಾರಿಯಲ್ಲಿ ಹುಲ್ಲು ಚಿಗುರಿದೆ. ಕೆಳಗಿನದು ಹೂಳು ತುಂಬಿ, ನೀರು ಅದನ್ನು ಹಾರಿ ಹರಿದಿದೆ. ಮುಂಗಾರಿಗೆ ಮೊದಲು ಅದನ್ನು ಕಿತ್ತು ಇನ್ನಷ್ಟು ಓರೆಯಾಗಿ ಇಡಬೇಕು.